ಗಂಟೆಗೆ ಏಳೂವರೆ ಡಿಗ್ರಿ

ಮಾರ್ಚ್ ೩, ಸೋಮವಾರ

ಯಾರಿಗೂ ಹೇಳುವುದಿಲ್ಲ ಎಂದು ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ. ಬರೆದಿಟ್ಟುಕೊಂಡರೆ ಹೇಳಿದಂತಾಗುವುದಿಲ್ಲವಲ್ಲ.

ವಿಜ್ಞಾನ ಭವನದ ದೊಡ್ಡ ಹಾಲಿಗೆ ಹೊಸ ನೆಲ ಹಾಕುವುದಕ್ಕೆ ಟೈಲ್ಸ್‌ನವನು ಬೆಳಿಗ್ಗೆ ಬಂದ. ನಮ್ಮ ಲೋಲಕದ ಕೆಳಗೆ ಕೂತು ಗೂಟಗಳ ಸಾಲನ್ನು ಅಳೆಯತೊಡಗಿದ. ಮೂರು ಅಂತಸ್ತು ಉದ್ದದ ತಂತಿ, ತುದಿಯಲ್ಲಿ ಕುಂಬಳಕಾಯಿ ಗಾತ್ರದ ಹಿತ್ತಾಳೆ ಗುಂಡು. ಅದು ತೂಗುತ್ತಾ ತೂಗುತ್ತಾ ತಾನು ತೂಗುವ ಗೆರೆಯನ್ನೇ ನಿಧಾನವಾಗಿ ಬಲಕ್ಕೆ ತಿರುಗಿಸಿಕೊಂಡು ಹೋಗುತ್ತದೆ, ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದ ಗೂಟಗಳನ್ನು ಒಂದೊಂದಾಗಿ ಬೀಳಿಸುತ್ತದೆ. ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತದೆ, ಗೂಟದಿಂದ ಗೂಟಕ್ಕೆ ಐದು ಡಿಗ್ರಿ, ಆದ್ದರಿಂದ ಇಪ್ಪತ್ತು ನಿಮಿಷಕ್ಕೊಂದು ಬೀಳುತ್ತದೆ ಎಂದು ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಜನಕ್ಕೆ ಹೇಳುತ್ತಿದ್ದಾರೆ. ಜನ ಗಡಿಯಾರ ನೋಡಿಕೊಳ್ಳುತ್ತಾರೆ, ಗೂಟ ಬೀಳುತ್ತದೆ, ಚಪ್ಪಾಳೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಗೂಟದ ಮೇಷ್ಟ್ರು ಅನ್ನುವುದು ಇದಕ್ಕೇ.

ಟೈಲ್ಸ್‌ನವನು ಕೋನ ಅಳೆಯುವ ಪಟ್ಟಿ ಇಟ್ಟು ತಲೆ ಕೆರೆದುಕೊಂಡ. "ಅಕ್ಕಾ, ಎಡಗಡೆ ಐದೈದು ಡಿಗ್ರಿ ಸರಿಯಾಗಿದೆ. ಬಲಗಡೆ ಎರಡೂವರೆನೇ ಇದೆಯಲ್ಲ, ಇಲ್ಯಾಕೆ ಇಷ್ಟು ಒತ್ತಾಗಿ ಇಟ್ಟಿದೀರ?"

ಆರು ವರ್ಷದಿಂದ ದಿನಾ ಬೆಳಿಗ್ಗೆ ಆ ಗೂಟ ಜೋಡಿಸುವವಳು ನಾನೇ. ಕೆಲಸಕ್ಕೆ ಸೇರಿದ ಮೊದಲ ವಾರ ಮೇಷ್ಟ್ರು ಹೇಳಿಕೊಟ್ಟಿದ್ದರು, ಬಲಕ್ಕೆ ಒತ್ತಾಗಿ, ಎಡಕ್ಕೆ ಬಿಡಿಬಿಡಿಯಾಗಿ. ಯಾಕೆ ಎಂದು ನಾನು ಕೇಳಿರಲಿಲ್ಲ, ಅವರು ಹೇಳಿದರೆ ಮುಗಿಯಿತು ಎಂಬ ನಂಬಿಕೆ.

ಅವನ ಮಾತು ಕೇಳಿಸಿಕೊಂಡ ಮೇಷ್ಟ್ರು ನನ್ನನ್ನು ಸಾಮಾನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹತ್ತೊಂಬತ್ತು ವರ್ಷದ ಹಿಂದೆ ತಂತಿ ತುಂಡಾಗಿತ್ತಂತೆ. ಮೇಲಿನವರಿಗೆ ತಿಳಿಸಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆಂದು ರಜೆಯ ದಿನ ಬಂದು ಅಂಗಡಿಯ ತಂತಿ ತಾವೇ ಕಟ್ಟಿದರಂತೆ. ಅಲ್ಲಿಯ ತನಕ ಅವರಾಗಲಿ ಜನರಾಗಲಿ ಗಡಿಯಾರ ಹಿಡಿದು ನೋಡಿದ್ದೇ ಇಲ್ಲವಂತೆ, ಆಮೇಲೆ ಒಂದು ದಿನ ಮೊದಲ ಸಲ ಅಳೆದು ನೋಡಿದರೆ ಗಂಟೆಗೆ ಹದಿನೈದಲ್ಲ, ಏಳೂವರೆ. "ನಾನು ಅದನ್ನ ಹಾಳು ಮಾಡ್ಬಿಟ್ಟೆ, ಮಗೂ," ಎಂದರು. ಅಂದಿನಿಂದ ಬಲಗಡೆಯ ಗೂಟಗಳು ಹತ್ತಿರ ಹತ್ತಿರ ಬಂದಿವೆ, ಗುಂಡು ಎಡಕ್ಕೆ ಹೋಗುವುದೇ ಇಲ್ಲವಾದ್ದರಿಂದ ಆ ಕಡೆಯವು ಇದ್ದ ಹಾಗೆಯೇ ಇವೆ.

ಹೊಸ ನೆಲದಲ್ಲಿ ಐದೈದು ಡಿಗ್ರಿಗೆ ಹಿತ್ತಾಳೆಯ ತೂತು ಕೂರಿಸುತ್ತಾರೆ, ಗೂಟ ಅಲ್ಲೇ ನಿಲ್ಲಬೇಕು. ಇಪ್ಪತ್ತೆಂಟಕ್ಕೆ ಪರಿಶೀಲನಾ ಸಮಿತಿ ಬರುತ್ತದೆ. ತಿಂಗಳ ಕೊನೆಗೆ ಮೇಷ್ಟ್ರ ನಿವೃತ್ತಿ, ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ಅರ್ಜಿ ಕೊಟ್ಟಿದ್ದಾರೆ. ಸಮಿತಿಯೆದುರು ಮಾನ ಹೋಗುತ್ತದೆಂದು ಅವರಿಗೆ ಈಗಲೇ ಅನ್ನ ಸೇರುತ್ತಿಲ್ಲ. ನನಗೆ ಕೆಲಸ ಕಲಿಸಿದವರು, ನಾನು ಆರು ತಿಂಗಳ ಬಸುರಿಯಾಗಿದ್ದಾಗ ತಮ್ಮ ಕುರ್ಚಿ ಬಿಟ್ಟುಕೊಟ್ಟು ನಿಂತವರು. ಹೇಗಾದರೂ ಮಾಡಿ ಆ ತಂತಿಯ ದೋಷ ಕಂಡುಹಿಡಿಯಬೇಕು.

ಮಾರ್ಚ್ ೬, ಗುರುವಾರ

ಭವನದ ಓದುಕೋಣೆಯಲ್ಲಿ ಮೂರು ದಿನದಿಂದ ಕೂರುತ್ತಿದ್ದೇನೆ. ತಂತಿ ತಿರುಚಿದ್ದರೆ, ಗುಂಡು ಓರೆಯಾಗಿದ್ದರೆ, ಸೂರಿನ ಹಿಡಿ ಸಡಿಲವಾಗಿದ್ದರೆ ಎಂದೆಲ್ಲ ಓದಿದೆ. ಇಂದು ಒಂದು ಹಳೆಯ ಪುಸ್ತಕದಲ್ಲಿ ಸಿಕ್ಕಿತು. ಹದಿನೈದನ್ನು ಊರಿನ ಅಕ್ಷಾಂಶದ ಸೈನ್‌ನಿಂದ ಗುಣಿಸಬೇಕಂತೆ. ಗುಣಿಸಿದೆ. ಏಳೂವರೆ ಬಂತು.

ಅಂದರೆ ನಮ್ಮ ಲೋಲಕ ಸರಿಯಾಗಿಯೇ ಇದೆಯೆ? ಗುಣಾಕಾರ ಯಾರು ಬೇಕಾದರೂ ಮಾಡಬಹುದು. ಯಾಕೆ ಎಂದು ಗೊತ್ತಿಲ್ಲದೆ ಹೇಳಿದರೆ ಮೇಷ್ಟ್ರು ನಂಬುವುದಿಲ್ಲ, ಸಮಾಧಾನ ಮಾಡಲು ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಮೊದಲು ನನಗೆ ತಿಳಿಯಬೇಕು.

ಮಾರ್ಚ್ ೯, ಭಾನುವಾರ

ತಿಳಿಯಿತು! ಪುಣ್ಯ ನಮ್ಮವರದು. ದರ್ಜಿಯನ್ನು ಮದುವೆಯಾದದ್ದು ಸಾರ್ಥಕ.

ನಮ್ಮವರು ಗುಂಡುಸೂಜಿ ಚುಚ್ಚಿಡುವ ಬಟ್ಟೆಯ ಉಂಡೆಯನ್ನೇ ಭೂಮಿ ಮಾಡಿಕೊಂಡೆವು. ಸೊಂಟಕ್ಕೆ ಕೆಂಪು ದಾರ ಕಟ್ಟಿ ಅದನ್ನು ಭೂಮಧ್ಯರೇಖೆ ಅಂದೆವು. ಮೊದಲು ನೆತ್ತಿಯ ಮೇಲೆ ಒಂದು ಅಂಗಿಗುಂಡಿ ಇಟ್ಟು ಸೂಜಿ ಚುಚ್ಚಿ ಉಂಡೆ ತಿರುಗಿಸಿದೆವು. ಗುಂಡಿ ಸೂಜಿಯ ಸುತ್ತ ಪೂರ್ತಿ ಒಂದು ಸುತ್ತು ಹಾಕಿತು. ಆ ಗುಂಡಿಯೇ ಹಾಲಿನ ನೆಲ ಎಂದುಕೊಂಡರೆ, ಮೇಲೆ ಲೋಲಕ ತನ್ನ ಪಾಡಿಗೆ ಒಂದೇ ಗೆರೆಯಲ್ಲಿ ತೂಗುತ್ತಿರುತ್ತದೆ, ಸುತ್ತುವುದು ಕೆಳಗಿನ ನೆಲ. ನೆಲದ ಮೇಲೆ ನಿಂತವರಿಗೆ ತಾವು ಸುತ್ತುತ್ತಿರುವುದು ತಿಳಿಯುವುದಿಲ್ಲ, ಲೋಲಕವೇ ಸುತ್ತುತ್ತಿದೆ ಅನ್ನುತ್ತಾರೆ. ದಿನಕ್ಕೊಂದು ಸುತ್ತು, ಗಂಟೆಗೆ ಹದಿನೈದು ಡಿಗ್ರಿ. ಮೇಷ್ಟ್ರು ಹೇಳುವುದು ಈ ನೆತ್ತಿಯ ಕಥೆ.

ಆಮೇಲೆ ಗುಂಡಿಯನ್ನು ಸೊಂಟಕ್ಕೆ ಚುಚ್ಚಿದೆವು. ಉಂಡೆಯ ಜೊತೆ ಅದು ಆಚೆ ಹೋಗಿ ಈಚೆ ಬಂತು, ಆದರೆ ತನ್ನ ಸೂಜಿಯ ಸುತ್ತ ಒಂದಿಷ್ಟೂ ಸುತ್ತಲಿಲ್ಲ. ಅಲ್ಲಿ ನಿಂತವನು ಲಾಗ ಹೊಡೆಯುತ್ತಾನೆಯೇ ಹೊರತು ನಿಂತಲ್ಲೇ ಗಿರಕಿ ಹೊಡೆಯುವುದಿಲ್ಲ. ಅಲ್ಲಿನ ಲೋಲಕ ವರ್ಷ ತೂಗಿದರೂ ಒಂದು ಗೂಟ ಬೀಳಿಸುವುದಿಲ್ಲ. ದೂರ ಉತ್ತರದ ನಮ್ಮ ಈ ಊರು ಸೊಂಟದಿಂದ ಮೂವತ್ತು ಡಿಗ್ರಿ ಮೇಲೆ. ಅಲ್ಲಿ ಚುಚ್ಚಿದಾಗ ಗುಂಡಿ ಎರಡನ್ನೂ ಮಾಡಿತು, ಒಂದಷ್ಟು ಲಾಗ, ಒಂದಷ್ಟು ಗಿರಕಿ. ಎಷ್ಟು ಗಿರಕಿ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ನಮ್ಮವರು ಟೇಪು ತೆಗೆದು ಸೊಂಟದಿಂದ ನೆತ್ತಿಗೆ ನೆಟ್ಟಗೆ ಎತ್ತರ ಅಳೆದರು. ಎರಡಿಂಚು. ಗುಂಡಿ ಇರುವ ಎತ್ತರ ಒಂದಿಂಚು. ಅರ್ಧ. ಗಿರಕಿಯೂ ಅರ್ಧ, ಹದಿನೈದರಲ್ಲಿ ಅರ್ಧ. ಪುಸ್ತಕದ ಆ ಸೈನ್ ಎಂಬುದು ಇಷ್ಟೇ.

ಹಾಗಾದರೆ ಗುಂಡನ್ನು ಬಲಕ್ಕೆ ತಳ್ಳುವವರು ಯಾರು ಎಂದು ನಮ್ಮವರು ಕೇಳಿದರು, ಉತ್ತರವನ್ನೂ ಅವರೇ ಹೇಳಿದರು. ಬಸ್ಸು ತಿರುವಿನಲ್ಲಿ ಹೊರಳಿದಾಗ ನಿಂತವನು ಯಾರೋ ನೂಕಿದರು ಎಂದು ತಿರುಗಿ ನೋಡುತ್ತಾನಲ್ಲ, ಅದೇ. ನೂಕುವವರು ಯಾರೂ ಇಲ್ಲ. ತಿರುಗುವುದರ ಮೇಲೆ ನಿಂತು ನೋಡುವವರಿಗೆ ಮಾತ್ರ ಆ ನೂಕು ಕಾಣುತ್ತದೆ.

ತಂತಿಯ ಮಾತು ಇದರಲ್ಲಿ ಎಲ್ಲೂ ಇಲ್ಲ. ಉದ್ದವೋ, ಗಿಡ್ಡವೋ, ಅಂಗಡಿಯದೋ, ಗೆರೆ ತಿರುಗುವುದು ಗಂಟೆಗೆ ಏಳೂವರೆಯೇ. ಪಾಪ, ಹತ್ತೊಂಬತ್ತು ವರ್ಷ! ನಾಳೆ ಹೋದ ಕೂಡಲೇ ಹೇಳುತ್ತೇನೆ. ಕುಣಿದೇಬಿಡುತ್ತಾರೆ.

ಮಾರ್ಚ್ ೧೦, ಸೋಮವಾರ

ಹೇಳಲಿಲ್ಲ. ಹೇಳಲು ಬಿಟ್ಟರೆ ತಾನೆ.

ಬೆಳಿಗ್ಗೆ ಹತ್ತಕ್ಕೆ ಲೋಲಕ ಬಿಡುವ ಹೊತ್ತು. ಗುಂಡನ್ನು ಪಕ್ಕಕ್ಕೆಳೆದು ಹತ್ತಿಯ ದಾರದಿಂದ ಕಟ್ಟಿರುತ್ತೇವೆ, ಕೈಯಿಂದ ಬಿಟ್ಟರೆ ಓರೆಯಾಗುತ್ತದೆಂದು ದಾರಕ್ಕೆ ಬೆಂಕಿಕಡ್ಡಿ ಹಿಡಿದು ಸುಟ್ಟು ಬಿಡುವುದು ಕ್ರಮ. ಆರು ವರ್ಷದಲ್ಲಿ ಒಂದು ದಿನವೂ ಆ ಕಡ್ಡಿ ನನ್ನ ಕೈಗೆ ಕೊಟ್ಟವರಲ್ಲ. ಇಂದು ಅವರು ಗೀರಿದ ಎರಡು ಕಡ್ಡಿ ಆರಿಹೋಯಿತು. ನಾನು ಕೊಡಿ ಸರ್ ಎಂದು ಕೈ ಚಾಚಿದೆ. ಐವತ್ತು ಜನರೆದುರು, "ನಿನಗೆ ಗೂಟ ಜೋಡಿಸೋಕೆ ಬಂದ್ರೆ ಸಾಕು, ದೂರ ನಿಲ್ಲು," ಎಂದರು. ಜನ ನಕ್ಕರು.

ಅವರ ಸಂಕಟ ನನಗೆ ಗೊತ್ತು. ಆದರೂ ಬೇಜಾರಾಯಿತು. ನಾಳೆ ಹೇಳಿದರಾಯಿತು.

ಮಾರ್ಚ್ ೧೪, ಶುಕ್ರವಾರ

ನಿರ್ದೇಶಕರು ಕೋಣೆಗೆ ಕರೆಸಿದರು. ಅವರು ಕಡತದ ಮನುಷ್ಯ, ಲೋಲಕವೂ ಒಂದೇ ಸೀಲಿಂಗ್ ಫ್ಯಾನೂ ಒಂದೇ. ಸುತ್ತುಬಳಸದೆ ಹೇಳಿದರು. ದೊಡ್ಡ ಹಾಲಿಗೆ ಇರುವುದು ಒಂದೇ ಕಾಯಂ ಹುದ್ದೆ. ಮೇಷ್ಟ್ರಿಗೆ ಒಂದು ವರ್ಷ ಸಿಕ್ಕಿದರೆ ನನ್ನ ತಾತ್ಕಾಲಿಕ ನೇಮಕ ಮುಂದುವರಿಯುವುದಿಲ್ಲ. ಸಿಗದಿದ್ದರೆ ಆ ಹುದ್ದೆ ನನಗೆ. ಇಪ್ಪತ್ತೆಂಟರಂದು ಸಮಿತಿ ನೋಡಿ ತೀರ್ಮಾನ ಮಾಡುತ್ತದೆ.

ಮೇಷ್ಟ್ರಿಗೆ ಇದು ಗೊತ್ತೇ ಎಂದು ಕೇಳಿದೆ. ಅರ್ಜಿ ಕೊಡುವಾಗಲೇ ಹೇಳಿದ್ದೆನಲ್ಲ ಎಂದರು.

ಗೊತ್ತಿತ್ತು. ನನ್ನ ಅನ್ನಕ್ಕೆ ಕಲ್ಲು ಹಾಕುತ್ತಿರುವುದು ಗೊತ್ತಿದ್ದೂ ಮಗೂ ಮಗೂ ಎಂದು ಬಾಯಿತುಂಬ ಕರೆಯುತ್ತಿದ್ದರು. ಹೊರಗೆ ಬಂದಾಗ ಹೊಸ ನೆಲದ ಮೇಲೆ ಬಗ್ಗಿ ನಿಂತು ಟೈಲ್ಸ್‌ನವನನ್ನು ಅಂಗಲಾಚುತ್ತಿದ್ದರು, ಬಲಗಡೆ ತೂತು ಸ್ವಲ್ಪ ಹತ್ತಿರ ಹತ್ತಿರ ಕೊರೆಯಪ್ಪಾ ಎಂದು. ಅವನು ನಕ್ಷೆ ತೋರಿಸಿ ಆಗುವುದಿಲ್ಲ ಎಂದ.

ನನಗೇನೂ ಅನ್ನಿಸಲಿಲ್ಲ.

ಮಾರ್ಚ್ ೧೮, ಮಂಗಳವಾರ

ಮೇಷ್ಟ್ರಿಗೆ ಹೇಳಿದೆಯಾ ಎಂದು ನಮ್ಮವರು ಕೇಳಿದರು. ಹೂಂ ಎಂದೆ. ಖುಷಿಪಟ್ಟರಾ ಎಂದರು. ಹೂಂ.

ಮಾರ್ಚ್ ೨೧, ಶುಕ್ರವಾರ

ಮಾತು ಕೊಟ್ಟಿದ್ದು ಅವರ ಗುಟ್ಟು ಹೇಳುವುದಿಲ್ಲ ಎಂದು. ನನ್ನ ಗುಟ್ಟು ಹೇಳುತ್ತೇನೆ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಮೂರು ದಿನ ಯೋಚನೆ ಮಾಡಿ ನೋಡಿದೆ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಸಿಗಲಿಲ್ಲ. ಪುಸ್ತಕ ಓದುಕೋಣೆಯಲ್ಲೇ ಇದೆ. ಇಪ್ಪತ್ತಾರು ವರ್ಷದಲ್ಲಿ ಎದ್ದು ಹೋಗಿ ತೆರೆದು ನೋಡಬಹುದಿತ್ತು, ಯಾರು ಬೇಡ ಎಂದಿದ್ದರು?

ಆ ಮನುಷ್ಯ ಈಗ ಏಳು ಗಂಟೆಗೇ ಬಂದು ಕೂರುತ್ತಾರೆ. ತಂತಿಗೆ ಎಣ್ಣೆ ಒರೆಸುತ್ತಾರೆ, ಗುಂಡನ್ನು ತಿಕ್ಕುತ್ತಾರೆ. ಇವತ್ತು ಏಣಿ ಹಾಕಿಸಿ ಸೂರಿನ ತನಕ ಹತ್ತಿ ಹಿಡಿಯ ತಿರುಪು ಬಿಗಿ ಮಾಡಿದರು, ಐವತ್ತೊಂಬತ್ತು ವರ್ಷದ ಕಾಲು. ಕೆಳಗೆ ಏಣಿ ಹಿಡಿದು ನಿಂತವಳು ನಾನು. ಇಳಿದು ಬಂದು ಅಳೆದು ನೋಡಿದರು. ಏಳೂವರೆ. ನನಗೆ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದೆ.

ಮಾರ್ಚ್ ೨೫, ಮಂಗಳವಾರ

ನೆಲ ಮುಗಿದಿದೆ. ಚೆನ್ನಾಗಿದೆ, ಬಿಳಿ ಕಲ್ಲು, ಹಿತ್ತಾಳೆಯ ತೂತುಗಳು ಫಳಫಳ ಹೊಳೆಯುತ್ತವೆ. ಮೇಷ್ಟ್ರು ಹೊಸ ತೂತುಗಳಲ್ಲಿ ಗೂಟ ನಿಲ್ಲಿಸಿ ಒಂದು ಸಲ ಬಿಟ್ಟು ನೋಡಿದರು. ಮೊದಲ ಗೂಟ ಬಿದ್ದದ್ದು ನಲವತ್ತು ನಿಮಿಷಕ್ಕೆ. ನಾನೂ ಬರೆದುಕೊಂಡೆ, ಉಪಯೋಗಕ್ಕೆ ಬರುತ್ತದೆ.

ಸಂಜೆ ಜನ ಹೋದ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. ಓದುಕೋಣೆಯಲ್ಲಿ ನನ್ನನ್ನು ಕಂಡಿದ್ದರಂತೆ.

"ಅಷ್ಟೊಂದು ಓದ್ತಿದ್ದೆಯಲ್ಲ ಮಗೂ, ಏನಾದ್ರೂ ಸಿಕ್ತಾ? ಇದು ಯಾಕೆ ನಿಧಾನ ಅಂತ ಎಲ್ಲಾದ್ರೂ ಬರೆದಿದೆಯಾ?"

"ಇಲ್ಲ ಸರ್," ಎಂದೆ.

"ನಿನ್ನ ಕೆಲಸದ ವಿಷಯಕ್ಕೆ ನೀನು ಹೆದರಬೇಡ. ನಂಗೆ ಒಂದು ವರ್ಷ ಕೊಟ್ರೆ ನಿನ್ನನ್ನೂ ಇಟ್ಕೋಬೇಕು ಅಂತ ಅರ್ಜಿಯಲ್ಲೇ ಬರೆದಿದೀನಿ. ಇಲ್ದಿದ್ರೆ ನಂಗೂ ಬೇಡ ಅಂದಿದೀನಿ."

ಹೀಗೆ ಕೊನೆಗಳಿಗೆಯಲ್ಲಿ ಬೆಣ್ಣೆ ಹಚ್ಚುವುದನ್ನು ನಂಬುವಷ್ಟು ದಡ್ಡಿ ನಾನಲ್ಲ. ಅರ್ಜಿ ನಾನು ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ.

ಮಾರ್ಚ್ ೨೮, ಶುಕ್ರವಾರ

ಎಲ್ಲ ನಾನು ಅಂದುಕೊಂಡ ಹಾಗೆಯೇ ಆಯಿತು. ಒಂದೊಂದಾಗಿ ಬರೆದಿಡುತ್ತೇನೆ, ಮುಂದೆ ಓದಲು ಚೆನ್ನಾಗಿರುತ್ತದೆ.

ಸಮಿತಿಯವರು ಮೂವರು, ಇಬ್ಬರು ಗಂಡಸರು, ಅಧ್ಯಕ್ಷೆ ಹೆಂಗಸು. ಹತ್ತಕ್ಕೆ ಸರಿಯಾಗಿ ಮೇಷ್ಟ್ರು ದಾರ ಸುಟ್ಟರು. ಮಾಮೂಲು ಭಾಷಣ ಮಾಡಿದರು, ಹದಿನೈದು ಡಿಗ್ರಿ, ಇಪ್ಪತ್ತು ನಿಮಿಷ, ಎಲ್ಲ. ಬದಲಾಯಿಸಿ ಹೇಳಲು ಅವರಿಗೆ ಬೇರೆ ಏನೂ ಗೊತ್ತಿಲ್ಲವಲ್ಲ. ಆದರೆ ಗಡಿಯಾರ ನೋಡಿಕೊಳ್ಳಿ ಎಂದು ಮಾತ್ರ ಹೇಳಲಿಲ್ಲ. ಅಧ್ಯಕ್ಷೆ ತಾವಾಗಿಯೇ ನೋಡಿಕೊಂಡರು.

ಹತ್ತು ಇಪ್ಪತ್ತು ಆಯಿತು, ಗೂಟ ಬೀಳಲಿಲ್ಲ. ಇಪ್ಪತ್ತೈದು ಆಯಿತು. ಒಬ್ಬರು ಮೊಬೈಲ್ ತೆಗೆದರು. ಮೇಷ್ಟ್ರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕಡೆ ನೋಡಿದರು. ನಾನು ಗುಂಡನ್ನು ನೋಡುತ್ತಿದ್ದೆ. ಹತ್ತೂವರೆಗೆ ಅಧ್ಯಕ್ಷೆ, ಏನು ಮೇಷ್ಟ್ರೇ ನಿಮ್ಮ ಭೂಮಿ ನಿಂತುಹೋಗಿದೆಯಾ ಎಂದರು. ಎಲ್ಲರೂ ನಕ್ಕರು, ನಾನೂ.

ಆಗ ಅವರು ಬಾಯಿಬಿಟ್ಟರು. ತಂತಿ ತುಂಡಾದದ್ದು, ತಾವೇ ಕಟ್ಟಿದ್ದು, ಗೂಟಗಳನ್ನು ಒತ್ತಾಗಿ ಇಡುತ್ತಿದ್ದದ್ದು, ಎಲ್ಲ. "ಹತ್ತೊಂಬತ್ತು ವರ್ಷದಿಂದ ಇಲ್ಲಿಗೆ ಬಂದ ಜನಕ್ಕೆಲ್ಲ ನಾನು ಸುಳ್ಳು ತೋರಿಸಿದೀನಿ. ಮಗುಗೆ ಏನೂ ಗೊತ್ತಿರಲಿಲ್ಲ, ನಾನು ಹೇಳಿದ ಹಾಗೆ ಜೋಡಿಸ್ತಿದ್ದಳು, ಅಷ್ಟೆ," ಎಂದರು. ನಿರ್ದೇಶಕರು ತಲೆ ತಗ್ಗಿಸಿ ನಿಂತಿದ್ದರು.

ಹತ್ತು ಮೂವತ್ತೇಳಕ್ಕೆ ನಾನು ಮುಂದೆ ಬಂದೆ. ಲೋಲಕ ಸರಿಯಾಗಿದೆ, ಇನ್ನು ಮೂರು ನಿಮಿಷಕ್ಕೆ ಗೂಟ ಬೀಳುತ್ತದೆ ಎಂದೆ. ಜೇಬಿನಿಂದ ಉಂಡೆ, ಗುಂಡಿ, ಸೂಜಿ ತೆಗೆದು ನೆತ್ತಿ, ಸೊಂಟ, ನಡುವೆ ನಮ್ಮ ಊರು, ಮೂರನ್ನೂ ತೋರಿಸಿದೆ. ಬಸ್ಸಿನ ತಿರುವಿನ ಮಾತು ಹೇಳಿದಾಗ ಅಧ್ಯಕ್ಷೆ ತಲೆದೂಗಿದರು. ನನ್ನ ಮಾತು ಮುಗಿಯುವುದಕ್ಕೂ ಗೂಟ ಟಕ್ ಎಂದು ಬೀಳುವುದಕ್ಕೂ ಸರಿಹೋಯಿತು. ಇಡೀ ಹಾಲು ಚಪ್ಪಾಳೆ.

ಮೇಷ್ಟ್ರು ಅಳುತ್ತಿದ್ದರು. ಅವಮಾನಕ್ಕೆ ಇರಬೇಕು ಅಂದುಕೊಂಡೆ. ಅಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ಹಾಗಾದ್ರೆ ನಾನು ಹಾಳು ಮಾಡಿಲ್ಲ," ಎಂದರು. ನಾಲ್ಕೈದು ಸಲ ಅದನ್ನೇ ಹೇಳಿದರು. "ಯಾವಾಗ ಹೊಳೀತು ನಿಂಗೆ?"

"ಈಗಲೇ ಸರ್. ನೀವು ಮಾತಾಡ್ತಿದ್ದಾಗ."

ಜೇಬಿನಲ್ಲಿ ಉಂಡೆ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ.

ಸಂಜೆ ಬಾಗಿಲ ಹತ್ತಿರ ನನ್ನನ್ನು ಕರೆದುಕೊಂಡು ಹೋಗಲು ನಮ್ಮವರು ಬಂದಿದ್ದರು. ಮುದುಕ ಅವರನ್ನು ನಿಲ್ಲಿಸಿಕೊಂಡು, ನಿಮ್ಮ ಹೆಂಡತಿ ಎಂಥ ಬುದ್ಧಿವಂತೆ, ನಿಂತ ನಿಲುವಿನಲ್ಲಿ ಹೊಳೆಯಿತಂತೆ ಎಂದು ಹೊಗಳಿದ್ದೇ ಹೊಗಳಿದ್ದು. ಮನೆಗೆ ಬಂದ ಮೇಲೆ ನಮ್ಮವರು ಒಂದೇ ಕೇಳಿದರು, "ಹೇಳಿದೀನಿ ಅಂದಿದ್ದೆಯಲ್ಲ?" ನಾನು ಹಸಿವಾಗುತ್ತಿದೆ ಎಂದೆ. ಒಳ್ಳೆಯ ದಿನ ಹಾಳು ಮಾಡಿಕೊಳ್ಳುವುದು ಬೇಡವಾಗಿತ್ತು.

ಏಪ್ರಿಲ್ ೨, ಬುಧವಾರ

ಆದೇಶ ಕೈಗೆ ಬಂತು. ಕಾಯಂ.

ಅವರ ಅರ್ಜಿ ತಿರಸ್ಕಾರವಾಗಿದೆ, ಸಾರ್ವಜನಿಕರಿಗೆ ತಪ್ಪು ಪ್ರದರ್ಶನ ನೀಡಿದ್ದಕ್ಕೆ. ಬೀಳ್ಕೊಡುಗೆ ಸಮಾರಂಭವನ್ನೂ ರದ್ದು ಮಾಡಿದರು. ಮೊನ್ನೆ ಸಂಜೆ ತಮ್ಮ ಟಿಫಿನ್ ಡಬ್ಬಿ ಹಿಡಿದುಕೊಂಡು ಒಬ್ಬರೇ ಹೋದರು. ನನಗೆ ಕೆಲಸವಿತ್ತು, ಬಾಗಿಲ ತನಕ ಹೋಗಲಾಗಲಿಲ್ಲ. ಅರ್ಜಿಯ ಪ್ರತಿ ಕಡತದಲ್ಲಿತ್ತು, ನನ್ನ ಹೆಸರಿನ ವಾಕ್ಯವೂ ಇತ್ತು, ಅವರು ಹೇಳಿದ ಹಾಗೆಯೇ. ಆದರೆ ನಿಯಮದ ಪ್ರಕಾರ ಅದು ನಡೆಯುತ್ತಿರಲಿಲ್ಲ ಎಂದು ನಿರ್ದೇಶಕರೇ ಹೇಳಿದರು.

ನಮ್ಮವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದನ್ನು ಬಿಟ್ಟಿದ್ದಾರೆ, ಅಂಗಡಿಗೇ ಕಟ್ಟಿಕೊಂಡು ಹೋಗುತ್ತಾರೆ. ಮುಂಚೆ ಹೀಗಿರಲಿಲ್ಲ, ಬರಬರುತ್ತಾ ಬದಲಾಗುತ್ತಿದ್ದಾರೆ. ನಾನು ಇದ್ದ ಹಾಗೆಯೇ ಇದ್ದೇನೆ.

ಏಪ್ರಿಲ್ ೨೦, ಭಾನುವಾರ

ಜನ ಜಾಸ್ತಿ. ಬೆಳಿಗ್ಗೆಯ ತಂಡದಲ್ಲೇ ಅರವತ್ತು ಮಂದಿ.

ದಾರಕ್ಕೆ ಕಡ್ಡಿ ಗೀರುವ ಹೊತ್ತಿಗೆ ಮೇಷ್ಟ್ರು ಬಂದರು, ಇಸ್ತ್ರಿ ಮಾಡಿದ ಅಂಗಿ, ಜೊತೆಯಲ್ಲಿ ಹೆಂಡತಿ. ಟಿಕೆಟ್ ತೆಗೆದುಕೊಂಡೇ ಬಂದಿದ್ದರು. ಕಂಬಿಯ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದರು.

"ಮಗೂ, ಒಂದೇ ಒಂದು ಸಲ ನಾನು ಹೇಳ್ಲಾ? ಮನೇಲಿ ಇವಳ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದೀನಿ. ಇಷ್ಟು ವರ್ಷ ತಪ್ಪು ಹೇಳಿದ ಬಾಯಿ, ಒಂದ್ಸಲ ಸರಿಯಾಗಿ ಹೇಳಿಬಿಡ್ಲಿ. ನಿಂಗೆ ಒಂದು ತಿಂಗಳು ಮುಂಚೆ ಹೊಳೆದಿದ್ರೆ ನಾನೇ ಹೇಳಿಬಿಡ್ತಿದ್ದೆ."

"ಕಂಬಿ ಆಚೆ ನಿಲ್ಲಿ ಸರ್. ಬಂದವರೆಲ್ಲ ಅಲ್ಲೇ ನಿಲ್ಲೋದು," ಎಂದೆ.

ಹೂಂ ಹೂಂ ಎಂದು ಹೋಗಿ ಹೆಂಡತಿಯ ಪಕ್ಕದಲ್ಲಿ ನಿಂತರು. ನಾನು ನೆತ್ತಿ, ಸೊಂಟ, ನಮ್ಮ ಊರು ಎಂದು ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ಅವರ ತುಟಿ ನನ್ನ ಮಾತಿನ ಜೊತೆಗೇ ಆಡುತ್ತಿತ್ತು, ಅಲ್ಲಲ್ಲಿ ನನಗಿಂತ ಮುಂದೆಯೇ ಹೋಗುತ್ತಿತ್ತು. ಒಂದು ಮಾತೂ ತಪ್ಪಿರಲಿಲ್ಲ. ಎರಡು ಸಲ ನಾನೇ ತಡವರಿಸಿದೆ. ಕೊನೆಗೆ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.

ಅಂಥವರಿಂದ ಹೇಳುವವರ ಗಮನ ಕೆಡುತ್ತದೆ. ಇನ್ನೊಮ್ಮೆ ಬಂದರೆ ಟಿಕೆಟ್ ಕೊಡಬೇಡ, ಹಾಲು ತುಂಬಿದೆ ಎಂದು ಹೇಳು ಎಂದು ಬಾಗಿಲಿನವನಿಗೆ ಹೇಳಿ ಬಂದಿದ್ದೇನೆ.